ಹೂವಿನ ದಿನ ಬಂದ ಕೇಬಲ್

ಹೊಸ ಮನೆ ಕಟ್ಟಿಸಿದವರೆಲ್ಲ ಮರಳು ಸಿಗದ ಕಥೆ ಹೇಳುತ್ತಾರೆ, ಗಾರೆಯವರು ಅರ್ಧಕ್ಕೆ ಕೈಕೊಟ್ಟ ಕಥೆ ಹೇಳುತ್ತಾರೆ. ನನ್ನ ಹತ್ತಿರ ಅಂಥ ಕಥೆಗಳಿಲ್ಲ. ಮಲ್ಲಂದೂರಿನ ಹತ್ತಿರ ನಮಗೆ ಆರು ಎಕರೆ ಕಾಫಿ ತೋಟವಿದೆ. ಇಪ್ಪತ್ತೆರಡು ವರ್ಷ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅಲ್ಲಿಂದ ತೋಟಕ್ಕೆ ಓಡಾಡಿ ಸಾಕಾಗಿ, ಕೊನೆಗೆ ತೋಟದ ಮಧ್ಯದಲ್ಲೇ ಎರಡು ಕೋಣೆಯ ಮನೆ ಕಟ್ಟಿಸಿದೆವು. ಗಾರೆ ಮೇಸ್ತ್ರಿ ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಟ್ಟ. ನೀರು ಬಂತು, ಕರೆಂಟು ಬಂತು. ಬಾರದೆ ಉಳಿದದ್ದು ಒಂದೇ, ಫೋನು ಮತ್ತು ಇಂಟರ್ನೆಟ್ಟಿನ ಲೈನು.

ಮನೆಯೊಳಗೆ ಮೊಬೈಲಿಗೆ ಸಿಗ್ನಲ್ಲಿನ ಒಂದು ಗೀಟೂ ಬರುತ್ತಿರಲಿಲ್ಲ. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ನಮ್ಮ ನೀರಿನ ಟ್ಯಾಂಕ್ ಇದೆ. ಅದರ ಮೇಲೆ ಹತ್ತಿ ಗಿರಿಯ ಕಡೆ ಮುಖ ಮಾಡಿ ನಿಂತರೆ ಎರಡು ಗೀಟು. ಮಾತಾಡಬಹುದಿತ್ತು, ಅಷ್ಟೇ. ವಿಡಿಯೋ ಮಾಡಿದರೆ ಎದುರಿನವರ ಮುಖ ಚೂರುಚೂರಾಗಿ ಅಲ್ಲೇ ನಿಂತುಬಿಡುತ್ತಿತ್ತು.

ಮಾತಾಡಲಿಕ್ಕೆ ಆದರೆ ಸಾಕಲ್ಲ, ಇನ್ನೇನು ಬೇಕು ಎಂದು ಕೇಳಿದವರು ಬಹಳ ಜನ. ನನಗೆ ಸಾಕಾಗುತ್ತಿರಲಿಲ್ಲ, ಯಾಕೆಂದರೆ ನನ್ನ ತಂಗಿಗೆ ಕಿವಿ ಕೇಳುವುದಿಲ್ಲ.

ಹುಟ್ಟಿದಾಗಿನಿಂದಲೇ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅಂಥ ಮಕ್ಕಳ ಶಾಲೆ ಎಲ್ಲೋ ದೂರದ ಊರಿನಲ್ಲಿತ್ತು, ಅಷ್ಟು ದೂರ ಬಿಟ್ಟುಬರಲು ಅಪ್ಪನಿಗೆ ಮನಸ್ಸಾಗಲಿಲ್ಲ. ಅವಳು ಓದು ಬರಹ ಕಲಿಯಲಿಲ್ಲ, ಆದ್ದರಿಂದ ಮೆಸೇಜು ಬರೆದು ಕಳಿಸುವ ಹಾಗೂ ಇಲ್ಲ. ನಮ್ಮಿಬ್ಬರ ನಡುವೆ ಇರುವುದು ನಾವೇ ಸೇರಿ ಮಾಡಿಕೊಂಡ ಕೈಸನ್ನೆಗಳು. ಮೂಗುತಿಯ ಜಾಗ ಮುಟ್ಟಿಕೊಂಡರೆ ಅಮ್ಮ. ಎಲೆಗೆ ಸುಣ್ಣ ಸವರಿದ ಹಾಗೆ ಮಾಡಿದರೆ ಅಪ್ಪ. ಕಿವಿಯ ಹಾಲೆ ಹಿಡಿದುಕೊಂಡರೆ ನಾನು, ಚಿಕ್ಕಂದಿನಲ್ಲಿ ನನಗೆ ಓಲೆಯ ಹುಚ್ಚು ಇತ್ತು. ನನ್ನ ಗಂಡ ಎಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಅವರು ತೋಟದಲ್ಲಿ ನಡೆಯುವುದೇ ಹಾಗೆ.

ಹೀಗೆ ಒಂದೊಂದೇ ಸೇರಿಸಿ ಒಂದು ಸಂಸಾರಕ್ಕೆ ಬೇಕಾದಷ್ಟು ಮಾತು ಮಾಡಿಕೊಂಡಿದ್ದೇವೆ. ಅದರಲ್ಲಿ ಬೈಯಬಹುದು, ಚಾಡಿ ಹೇಳಬಹುದು, ಯಾರದೋ ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದು ಆಡಿಕೊಳ್ಳಬಹುದು. ಅವಳಿಗೆ ಏನಾದರೂ ಹೇಳಬೇಕಾದರೆ ನೆಂಟರು ಮೊದಲು ನನ್ನ ಮುಖ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಊರು ನನ್ನ ಬಾಯಿಂದ ಕೇಳುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಅವಳ ಪರವಾಗಿ ಒಪ್ಪಿಗೆ ಅಂದವಳೂ ನಾನೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳನ್ನು ಕೊಟ್ಟದ್ದು ಸಂಸೆಗೆ. ಗಂಡ ಒಳ್ಳೆಯವನು, ಆದರೆ ಮಾತು ಬರುವವರ ಹತ್ತಿರವೂ ಹೆಚ್ಚು ಮಾತಾಡದ ಮನುಷ್ಯ. ಊಟ, ಹಸು, ಬಾ, ಹೋಗು, ಪೇಟೆ, ಜ್ವರ ಎಂದು ಇಪ್ಪತ್ತು ಸನ್ನೆ ಕಲಿತುಕೊಂಡು ಅಷ್ಟರಲ್ಲೇ ಮೂವತ್ತು ವರ್ಷ ಸಂಸಾರ ಮಾಡಿದ್ದಾನೆ. ಮಗನಿಗೆ ಇನ್ನೊಂದಿಪ್ಪತ್ತು ಬರುತ್ತದೆ. ಮನೆ ತುಂಬ ಜನವಿದ್ದರೂ ಅವಳ ಹೊಟ್ಟೆಯೊಳಗಿನ ಮಾತು ಹೊರಗೆ ಬರುತ್ತಿದ್ದದ್ದು ನನ್ನ ಎದುರು ಮಾತ್ರ, ಅದೂ ವರ್ಷಕ್ಕೆ ಮೂರೋ ನಾಲ್ಕೋ ಸಲ ಭೇಟಿಯಾದಾಗ. ಆರು ವರ್ಷದ ಹಿಂದೆ ಮಗ ಮನೆಗೆ ಇಂಟರ್ನೆಟ್ ಹಾಕಿಸಿ ಅವಳ ಕೈಗೊಂದು ಫೋನು ಕೊಟ್ಟ. ಅವತ್ತಿನಿಂದ ನಮ್ಮ ಜೀವನವೇ ಬೇರೆಯಾಯಿತು. ದಿನಾ ಸಂಜೆ ನಾಲ್ಕಕ್ಕೆ ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂರುತ್ತಿದ್ದೆ, ಅಲ್ಲಿ ಅವಳು ಹಸುವಿಗೆ ಹುಲ್ಲು ಹಾಕಿ ಕೈ ತೊಳೆದು ಕೂರುತ್ತಿದ್ದಳು. ಮುಕ್ಕಾಲು ಗಂಟೆ. ಎರಡು ಕೈಯೂ ಬೇಕಾದ್ದರಿಂದ ಕಾಫಿ ಲೋಟ ಮುಟ್ಟಲು ಪುರುಸೊತ್ತು ಇರುತ್ತಿರಲಿಲ್ಲ, ದಿನಾ ಆರಿ ತಣ್ಣಗಾದ ಕಾಫಿಯನ್ನೇ ಕುಡಿಯುತ್ತಿದ್ದೆ.

ಗೃಹಪ್ರವೇಶಕ್ಕೆ ಬಂದಾಗ ಅವಳು ಪೂಜೆಯ ಕಡೆ ಗಮನ ಕೊಟ್ಟದ್ದು ಕಡಿಮೆ. ಅಡುಗೆಮನೆಯ ಕಿಟಕಿಯ ಹತ್ತಿರ ನನ್ನನ್ನು ಕೂರಿಸಿ, ದೂರ ನಿಂತು ನೋಡಿ, ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ, ಕೈ ಕಾಣುವುದಿಲ್ಲ, ಈ ಕಡೆ ತಿರುಗು ಎಂದು ಜಾಗ ನಿಶ್ಚಯ ಮಾಡಿಯೇ ಹೊರಟಳು. ಹದಿನೈದು ದಿನದಲ್ಲಿ ಬರುತ್ತೆ ಎಂದು ನಾನು ಕೈಯಲ್ಲಿ ಹೇಳಿದೆ. ಅದು ಫೆಬ್ರವರಿ ಮೊದಲ ವಾರ.

ಹದಿನೈದು ದಿನ ಎಂದು ಹೇಳಿದ್ದು ನಾನಲ್ಲ, ಪೇಟೆಯ ಕಂಪನಿ ಆಫೀಸಿನವರು. ಅರ್ಜಿ ನನ್ನ ಹೆಸರಿನಲ್ಲಿ, ಓಟಿಪಿ ಬರುವುದು ನನ್ನ ಮೊಬೈಲಿಗೆ. ಲೈನಿನವರು ಬಂದಾಗ ಆ ಓಟಿಪಿ ಹೇಳದಿದ್ದರೆ ಕೆಲಸ ಶುರು ಮಾಡುವ ಹಾಗಿಲ್ಲವಂತೆ. ಸರಿ, ಕಾದೆ. ಹದಿನೈದು ದಿನ ಹೋಗಿ ಇಪ್ಪತ್ತಾಯಿತು. ಟ್ಯಾಂಕ್ ಹತ್ತಿ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ ಎಂದರು, ಒತ್ತಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹಾಡು ಹಾಕಿದರು. ಬಿಸಿಲಿನಲ್ಲಿ ಟ್ಯಾಂಕಿನ ಮೇಲೆ ಕೊಡೆ ಹಿಡಿದು ನಿಂತು ಆ ಹಾಡನ್ನು ಎಷ್ಟು ಸಲ ಕೇಳಿದೆ ಎಂದರೆ, ಪಾತ್ರೆ ತೊಳೆಯುವಾಗ ನನಗೆ ಗೊತ್ತಿಲ್ಲದೆ ಅದನ್ನೇ ಗುನುಗಲು ಶುರು ಮಾಡಿದೆ.

ಒಂದು ದಿನ ಟ್ಯಾಂಕಿನ ಮೇಲಿದ್ದಾಗ ಮೆಸೇಜು ಬಂತು. ನಿಮ್ಮ ಸಂಪರ್ಕವನ್ನು ಯಶಸ್ವಿಯಾಗಿ ನೀಡಲಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ನಾನು ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದೆ, ನನಗೆ ಕಾಣದ ಹಾಗೆ ಎಲ್ಲಾದರೂ ವೈರು ಬಂದಿರಬಹುದೇ ಎಂದು. ಇರಲಿಲ್ಲ. ಮತ್ತೆ ಟ್ಯಾಂಕು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಮೇಡಂ, ನಿಮ್ಮ ಲೈನ್ ಆ್ಯಕ್ಟಿವ್ ಅಂತ ತೋರಿಸ್ತಿದೆ. ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಮೋಡೆಮ್ಮೇ ಇಲ್ಲ ತಾಯಿ. ವೈರೇ ಬಂದಿಲ್ಲ."

"ಹಾಗಾದ್ರೆ ಹೊಸ ಕನೆಕ್ಷನ್‌ಗೆ ಅರ್ಜಿ ಹಾಕ್ಬೇಕು ಮೇಡಂ. ಆದ್ರೆ ನಿಮ್ಮ ವಿಳಾಸದಲ್ಲಿ ಆಗ್ಲೇ ಒಂದು ಕನೆಕ್ಷನ್ ಇದೆ."

ನನ್ನ ಬಾಯಿ ಸುಮಾರಿನದಲ್ಲ. ಅವತ್ತು ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದ ನನ್ನ ಗಂಡ ತಲೆ ಎತ್ತಿ, "ಮೆಲ್ಲ ಮಾರಾಯ್ತಿ, ಫೋನ್ ಇಲ್ದೇನೂ ಅವ್ರಿಗೆ ಕೇಳ್ಸುತ್ತೆ" ಎಂದರು.

ಪೇಟೆಯಲ್ಲಿ ಸಿಗ್ನಲ್ ಇದೆಯಲ್ಲ, ಅಲ್ಲಿಂದಲೇ ವಿಡಿಯೋ ಮಾಡಬಾರದೇ ಎಂದು ಯಾರಾದರೂ ಕೇಳಬಹುದು. ಒಂದು ಸಲ ಮಾಡಿದೆ. ಸಂತೆಗೆ ಹೋದವಳು ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಚೀಲಕ್ಕೆ ಫೋನು ಒರಗಿಸಿ ಕರೆದೆ. ಅವಳ ಮುಖ ಕಾಣಿಸಿತು, ಅರಳಿತು. ಆಮೇಲೆ ಅವಳ ಕಣ್ಣು ನನ್ನ ಹಿಂದಕ್ಕೆ ಹೋಯಿತು. ಅಲ್ಲಿ ಜನ ಓಡಾಡುತ್ತಿದ್ದರು, ಇಬ್ಬರು ನಿಂತು ನೋಡುತ್ತಿದ್ದರು. ನಾವು ಚಿಕ್ಕವರಿದ್ದಾಗ ಕಳಸದಲ್ಲಿ ಬಸ್ಸಿಗೆ ಕಾಯುವಾಗ ಒಂದಷ್ಟು ಜನ ಅವಳ ಕೈಸನ್ನೆಯನ್ನು ಅಣಕಿಸಿ ನಕ್ಕಿದ್ದರು. ಅವತ್ತಿನಿಂದ ಅವಳು ನಾಲ್ಕು ಗೋಡೆಯ ಹೊರಗೆ ಕೈ ಎತ್ತಿದವಳಲ್ಲ. ಬೀದಿಯಲ್ಲಿ ಅವಳು ಮೂಕಿ, ಮನೆಯೊಳಗೆ ಬಂದರೆ ವಾಚಾಳಿ. ಬಸ್ ಸ್ಟ್ಯಾಂಡಿನ ಜನ ಅವಳ ಫೋನಿನೊಳಗೆ ಬಂದದ್ದನ್ನು ನೋಡಿ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡುಬಿಟ್ಟಳು. ನಾನು ಕರೆ ನಿಲ್ಲಿಸಿ ಫೋನು ಚೀಲಕ್ಕೆ ಹಾಕಿದೆ. ಮತ್ತೆ ಹಾಗೆ ಮಾಡಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಕಾಫಿಯ ಮೊಗ್ಗು ಅರಳಲು ಬೇಕಾದ ಮೊದಲ ಮಳೆ ಅದು. ಬೀಳದಿದ್ದರೆ ಆ ವರ್ಷದ ಬೆಳೆ ಕೈಬಿಟ್ಟ ಹಾಗೆ. ನಮಗೆ ಒಂದು ಇಂಚು ಇಪ್ಪತ್ತು ಸೆಂಟ್ ಆಯಿತು, ಮಳೆಯ ಲೆಕ್ಕದಲ್ಲಿ ನೂರು ಸೆಂಟ್ ಎಂದರೆ ಒಂದು ಇಂಚು. ಪಕ್ಕದ ತೋಟದವರಿಗೆ ತೊಂಬತ್ತೇ ಸೆಂಟ್ ಎಂದು ಕೇಳಿ, ಹೇಳಬಾರದು, ಸ್ವಲ್ಪ ಖುಷಿಯೇ ಆಯಿತು. ಎಂಟು ದಿನ ಕಳೆದು ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಆರು ಎಕರೆಯೂ ಬೆಳ್ಳಗಾಗಿತ್ತು. ಆ ತೋಟದ ನಡುವೆ ಮನೆ ಮಾಡಿಕೊಂಡು ಹೂವನ್ನು ನೋಡಿದ್ದು ನಾವು ಅದೇ ಮೊದಲು. ಇಷ್ಟು ವರ್ಷ ಪೇಟೆಯಿಂದ ಬಂದು ನೋಡಿ ಹೋಗುತ್ತಿದ್ದೆವು. ಪರಿಮಳ ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ಒಳಗೆ ಬಂದಿತ್ತು. ನಾವಿಬ್ಬರೂ ಜಗಲಿಯಲ್ಲಿ ಹೂವು ನೋಡುತ್ತಾ ಕೂತಿದ್ದೆವು. ಮನೆ ಕಟ್ಟಿದ್ದು ಸಾರ್ಥಕ ಎಂದು ನನಗೆ ಅನ್ನಿಸಿದ್ದು ಗೃಹಪ್ರವೇಶದ ದಿನ ಅಲ್ಲ, ಅವತ್ತು.

ಹತ್ತು ಗಂಟೆಗೆ ಪಿಕಪ್ ಗಾಡಿ ಬಂತು. ಅದರಲ್ಲಿ ಏಣಿ, ಕೇಬಲ್ ಸುತ್ತಿದ ದೊಡ್ಡ ಚಕ್ರ, ಇಬ್ಬರು ಲೈನಿನವರು.

ನಾನು ಬರಿಗಾಲಿನಲ್ಲೇ ಓಡಿದೆ. ಒಂದೂವರೆ ತಿಂಗಳು ಕಾದ ಗಾಡಿ ಅದು. ಇಬ್ಬರಲ್ಲಿ ಹಿರಿಯನು ಬಯಲುಸೀಮೆಯ ಕಡೆಯವನು, ಒಳ್ಳೆಯ ಕೆಲಸಗಾರನ ಹಾಗೆ ಕಾಣುತ್ತಿದ್ದ. ರಸ್ತೆಯ ಕಂಬದಿಂದ ಮನೆಯ ತನಕ ಕಣ್ಣಲ್ಲೇ ಅಳೆದ.

"ಅಮ್ಮಾ, ದಾರಿ ಸುತ್ತಿ ಬಂದ್ರೆ ಕೇಬಲ್ ಸಾಲಲ್ಲ. ತೋಟದೊಳಗಿಂದ ನೇರ ಎಳೀತೀವಿ. ಈ ಸಿಲ್ವರ್ ಮರಗಳಿಗೆ ಕಟ್ಕೊಂಡು ಬಂದ್ರಾಯ್ತು. ಎರಡು ಗಂಟೆ ಕೆಲಸ."

ತೋಟದೊಳಗಿಂದ ನೇರ ಎಂದರೆ ಏಣಿ ಹೊತ್ತುಕೊಂಡು ಗಿಡದ ಸಂದಿಯಲ್ಲಿ ಇಳಿಯಬೇಕು, ಕೇಬಲ್ಲನ್ನು ರೆಕ್ಕೆಗಳ, ಅಂದರೆ ಗಿಡದ ಪಕ್ಕದ ಕೊಂಬೆಗಳ, ಮೇಲೆ ಎಳೆಯಬೇಕು. ಕಾಫಿ ಸೀಮೆಯಲ್ಲಿ ಹೂವು ಅರಳಿದ ದಿನಗಳಲ್ಲಿ ತೋಟಕ್ಕೆ ಯಾರೂ ಇಳಿಯುವುದಿಲ್ಲ. ಆಳುಗಳಿಗೆ ರಜೆ. ಮೈ ತಾಗಿದರೆ ಹೂ ಉದುರುತ್ತದೆ, ಉದುರಿದ ಹೂವು ಕಾಯಾಗುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ನಡೆಯಲು ಕಲಿತಾಗಲೇ ಹೂವಿದ್ದಾಗ ಇಳಿಯಬಾರದು ಎಂದೂ ಕಲಿತಿರುತ್ತೇವೆ.

"ಇವತ್ತು ಬೇಡ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ತಿರುಗಿ ನೋಡಿದರೆ ನನ್ನ ಗಂಡ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಂತಿದ್ದರು. "ಹೂವಲ್ವಾ" ಎಂದು ಅವರೂ ತಲೆ ಅಲ್ಲಾಡಿಸಿದರು. ಇಬ್ಬರಲ್ಲಿ ಒಬ್ಬರಿಗಾದರೂ ಬೇರೆ ಯೋಚನೆ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಹೂವು ಬಿಟ್ಟಿದೆ ಅಂತ ಕನೆಕ್ಷನ್ ಬೇಡ ಅಂತೀರಾ?" ಆತ ನಮ್ಮಿಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡಿದ.

"ಬೇಡ ಅಂದಿಲ್ಲ ಮಾರಾಯ. ನಾಲ್ಕು ದಿನ ಬಿಟ್ಟು ಬನ್ನಿ. ಹೂ ಬಾಡ್ಲಿ."

ಅವರಿಗೆ ಕಾಫಿ ಕೊಟ್ಟೆ, ಕಡುಬು ಕೊಟ್ಟೆ. ಇಬ್ಬರೂ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ನನ್ನ ಕೇಬಲ್ಲನ್ನೂ ಹೇರಿಕೊಂಡು ಹೊರಟುಹೋದರು.

ಮಧ್ಯಾಹ್ನ ಟ್ಯಾಂಕ್ ಹತ್ತಿ ಸಂಸೆಗೆ ಫೋನ್ ಮಾಡಿದೆ. ಇಂಥ ಹೊತ್ತಿನಲ್ಲಿ ಫೋನ್ ಎತ್ತುವವಳು ತಂಗಿಯ ಸೊಸೆ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ, ಮೂಡಿಗೆರೆ ಕಡೆಯ ಹುಡುಗಿ, ಬಹಳ ಸಂಕೋಚದವಳು. ಏನು ಹೇಳಿದರೂ "ಹೂಂ ದೊಡ್ಡಮ್ಮ, ಹೇಳ್ತೀನಿ" ಅನ್ನುತ್ತಿದ್ದಳು. ಇವಳು ಏನು ಹೇಳುತ್ತಾಳೆ, ನನ್ನ ತಂಗಿಗೆ ಏನು ತಿಳಿಯುತ್ತದೆ ಎಂದು ನನಗೆ ನಂಬಿಕೆ ಇರಲಿಲ್ಲ. ಇದನ್ನಾದರೂ ಸರಿಯಾಗಿ ಮುಟ್ಟಿಸಬೇಕು ಎಂದು ಸನ್ನೆಯನ್ನೇ ಹೇಳಿಕೊಟ್ಟೆ.

"ಎಡಗೈ ಮುಂದೆ ಚಾಚು. ಅದು ಕಾಫಿ ರೆಕ್ಕೆ. ಬಲಗೈಯ ಐದೂ ಬೆರಳು ಒಟ್ಟಿಗೆ ಹಿಡಿ, ಮೊಗ್ಗಿನ ಹಾಗೆ. ಈಗ ಮಣಿಕಟ್ಟಿನ ಹತ್ತಿರ ಇಟ್ಟು ಬಿಚ್ಚು. ಸ್ವಲ್ಪ ಮೇಲೆ ಇನ್ನೊಂದ್ಸಲ ಬಿಚ್ಚು. ಮೊಣಕೈ ತನಕ."

"ಫೋನ್ ಯಾವ ಕೈಲಿ ಹಿಡೀಲಿ ದೊಡ್ಡಮ್ಮ?"

"ಕೆಳಗಿಡು ಮಾರಾಯ್ತಿ!"

ಫೋನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವಳ ದನಿ ಮೊದಲ ಸಲ ಗಟ್ಟಿಯಾಗಿ ಬಂತು. "ತಿಳೀತು ಅವ್ರಿಗೆ! ನಿಮ್ಮಲ್ಲಿ ಹೂ ಆಗಿದೆ ಅಂತ ತಿಳೀತು. ತುಳೀಬಾರ್ದು, ತುಳೀಬಾರ್ದು ಅಂತ ಕೈ ಮಾಡ್ತಿದಾರೆ."

ನನ್ನ ತಂಗಿಯೂ ಕಾಫಿ ಸೀಮೆಯವಳೇ. ನಾನು ಮಾಡಿದ್ದು ಸರಿ ಎಂದಳು. ಅವತ್ತು ನಾನು ಬಹಳ ಹಗುರಾಗಿ ಟ್ಯಾಂಕಿನಿಂದ ಇಳಿದೆ.

ಹೂ ನಾಲ್ಕು ದಿನದಲ್ಲಿ ಬಾಡಿತು. ಲೈನಿನವರು ಬರಲಿಲ್ಲ. ಆ ಗುಂಪನ್ನು ಅತ್ತಿಗುಂಡಿಯ ಕಡೆ ಹೋಂಸ್ಟೇಗಳ ಕೆಲಸಕ್ಕೆ ಹಾಕಿದ್ದಾರೆ ಎಂದರು. ಅದು ಮುಗಿಯುವಾಗ ಆ ಹಿರಿಯವನು ಕೆಲಸ ಬಿಟ್ಟ. ಏಪ್ರಿಲ್‌ನಲ್ಲಿ ಗುಡುಗು ಮಿಂಚಿಗೆ ರಸ್ತೆ ಬದಿಯ ಲೈನಿನ ಪೆಟ್ಟಿಗೆ ಸುಟ್ಟುಹೋಯಿತು. ಪೆಟ್ಟಿಗೆ ಬಂದಾಗ ಕೇಬಲ್ ಇರಲಿಲ್ಲ, ಕೇಬಲ್ ಬಂದಾಗ ಏಣಿ ಬೇರೆ ಕಡೆ ಹೋಗಿತ್ತು. ಕಂಪನಿಯವರ ಕೆಂಗಣ್ಣಿಗೆ ಗುರಿಯಾದೆನೋ ಏನೋ. ಆಫೀಸಿನಲ್ಲಿ ನನಗೆ ಹೂವಿನ ಅಮ್ಮ ಎಂದು ಹೆಸರಿಟ್ಟಿದ್ದಾರೆ ಎಂದು ಒಂದು ದಿನ ಗೊತ್ತಾಯಿತು.

ಅದೇ ಏಪ್ರಿಲ್‌ನಲ್ಲಿ ಸೊಸೆ ಒಂದು ಮಾತು ಹೇಳಿದಳು. "ದೊಡ್ಡಮ್ಮ, ಅತ್ತೆಗೆ ನಿಮ್ಮ ಹತ್ರ ಏನೋ ಹೇಳ್ಬೇಕಂತೆ. ನಿಮ್ಮ ಫೋನು ಯಾವಾಗ ಬರುತ್ತೆ ಅಂತ ದಿನಾ ಕೇಳ್ತಾರೆ."

"ಏನಂತೆ? ನೀನೇ ಹೇಳು."

"ನಾನು ಹೇಳ್ಬಾರ್ದಂತೆ. ಯಾರೂ ಹೇಳ್ಬಾರ್ದಂತೆ. ಅವ್ರೇ ಹೇಳ್ತಾರಂತೆ."

"ಮೈ ಹುಷಾರಿಲ್ವಾ ಅವ್ಳಿಗೆ?"

"ಚೆನ್ನಾಗಿದಾರೆ ದೊಡ್ಡಮ್ಮ. ನಿಜವಾಗ್ಲೂ."

ಇಷ್ಟು ಕೇಳಿದ ಮೇಲೆ ಯಾರಿಗಾದರೂ ನೆಮ್ಮದಿ ಇರುತ್ತದೆಯೇ? ಗಂಡನ ಹತ್ತಿರ ಜಗಳವೇ, ಎದೆಯಲ್ಲೇನಾದರೂ ಗಂಟೇ, ಮಗ ಬೇರೆ ಮನೆ ಮಾಡುತ್ತಾನೆಯೇ ಎಂದು ಏನೇನೋ ಯೋಚಿಸಿದೆ. ಅವಳಿಗೆ ನನ್ನ ಹತ್ತಿರ ಹೇಳಬೇಕಾದ ಮಾತೊಂದಿದೆ, ಅದನ್ನು ಎತ್ತಿಕೊಳ್ಳಲು ನನ್ನ ಕಣ್ಣು ಅಲ್ಲಿಲ್ಲ. ಅದೇ ನನ್ನನ್ನು ಹಿಂಡುತ್ತಿತ್ತು.

ಬಸ್ ಹತ್ತಿ ಹೋಗಬಹುದಿತ್ತು. ಚಿಕ್ಕಮಗಳೂರಿಗೆ ಇಳಿದು, ಕಳಸದ ಬಸ್ಸು ಹಿಡಿದು, ಅಲ್ಲಿಂದ ಸಂಸೆಗೆ. ಅರ್ಧ ದಿನದ ದಾರಿ. ಹೊರಟೆ ಕೂಡ. ಚೀಲಕ್ಕೆ ಸೀರೆ ತುಂಬಿ, ಬರುತ್ತೇನೆ ಎಂದು ಸಂಸೆಗೆ ಹೇಳಲು ಟ್ಯಾಂಕ್ ಹತ್ತಿದಾಗಲೇ ಲೈನಿನವರ ಫೋನು ಬಂತು, ನಾಳೆ ಬರುತ್ತೇವೆ, ಓಟಿಪಿ ಬೇಕು, ಮನೆಯಲ್ಲಿರಿ, ಬಾಗಿಲು ಹಾಕಿದ್ದರೆ ಅರ್ಜಿ ಕ್ಯಾನ್ಸಲ್ ಆಗುತ್ತೆ. ಸೀರೆ ತೆಗೆದಿಟ್ಟೆ. ಅವರು ಬರಲಿಲ್ಲ. ಹತ್ತು ದಿನ ಬಿಟ್ಟು ಮತ್ತೆ ಹೊರಟೆ, ಮತ್ತೆ ಅದೇ ಫೋನು, ಅದೇ ನಾಳೆ. ಮೂರನೆಯ ಸಲವೂ ಹಾಗೇ ಆಯಿತು. ನಾಲ್ಕು ತಿಂಗಳು ಆಗುತ್ತೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಮಾರನೆಯ ದಿನವೇ ಸಂಸೆಯಲ್ಲಿರುತ್ತಿದ್ದೆ. ನಾಳೆ, ನಾಡಿದ್ದು ಎಂದು ಹೇಳಿದ್ದರಿಂದ ಅಲ್ಲಾಡದೆ ಕೂತೆ.

"ಒಂದ್ಸಲ ಹೋಗ್ಬಾ. ಅವ್ರು ಬಂದ್ರೆ ನಾನಿರ್ತೀನಲ್ಲ" ಎಂದರು ನನ್ನ ಗಂಡ.

"ನಿಮ್ಮನ್ನ ಬಿಟ್ರೆ ಕಾಫಿ ಕೊಟ್ಟು ಇನ್ನೊಂದಿನ ಬನ್ನಿ ಅಂತ ಕಳ್ಸ್ತೀರಿ" ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ನನಗೆ ನಗುವೂ ಬಂತು, ಅಳುವೂ ಬಂತು.

ಮೇ ತಿಂಗಳ ಮಧ್ಯದಲ್ಲಿ ಟ್ಯಾಂಕಿನ ಮೇಲಿಂದ ಮಾತಾಡುವಾಗ ಸೊಸೆ ಮೆಲ್ಲಗೆ ಹೇಳಿದಳು, "ಅತ್ತೆ ಈಗ ನಾಲ್ಕು ಗಂಟೆಗೆ ಕೂರಲ್ಲ ದೊಡ್ಡಮ್ಮ. ಮೊದ್ಲು ನಿಮ್ಮ ಫೋನ್ ಬಂದಿಲ್ಲ ಅಂತ ಗೊತ್ತಿದ್ರೂ ಸುಮ್ನೆ ಕೂತಿರೋರು. ಈಗ ದನದ ಹಟ್ಟಿಗೆ ಹೋಗ್ಬಿಡ್ತಾರೆ."

ಆ ದಿನ ನಾನು ಮನೆಗೆ ಹೋಗದೆ ಟ್ಯಾಂಕಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ನನಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಹೂವಿನ ಮೇಲೂ ಬಂತು. ಒಂದು ಸಾಲು ಹೂವು ಉದುರಿದ್ದರೆ ಎಷ್ಟು ಕಾಫಿ ಹೋಗುತ್ತಿತ್ತು, ಒಂದು ಚೀಲವೇ? ಎರಡೇ? ಮರುದಿನ ಪೇಟೆಯ ಆಫೀಸಿಗೆ ಹೋದೆ. ಜಗಳ ಮಾಡಲು ತಯಾರಾಗಿಯೇ ಹೋದವಳು, ಮೇಜಿನ ಹಿಂದೆ ಕೂತಿದ್ದವನ ಮುಂದೆ ಬಾಯಿ ತೆರೆದಾಗ ಬೇರೆ ಮಾತೇ ಬಂತು. ನನ್ನ ತಂಗಿಗೆ ಕಿವಿ ಕೇಳುವುದಿಲ್ಲ ಎಂದು ಶುರು ಮಾಡಿ, ಕೈಸನ್ನೆಯ ವಿಷಯ, ಬಸ್ ಸ್ಟ್ಯಾಂಡಿನ ವಿಷಯ, ಅವಳಿಗೆ ನನ್ನ ಹತ್ತಿರ ಹೇಳುವ ಮಾತೊಂದಿದೆ ಎನ್ನುವುದು, ಎಲ್ಲ ಹೇಳಿದೆ. ಆತ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

"ಇದನ್ನ ಮೊದ್ಲೇ ಹೇಳ್ಬೇಕಿತ್ತು ಅಮ್ಮ. ಎಲ್ರೂ ಅರ್ಜೆಂಟ್ ಅಂತಾನೇ ಅಂತಾರೆ. ಯಾಕೆ ಅಂತ ಯಾರೂ ಹೇಳಲ್ಲ."

ನಿಜ. ನಾಲ್ಕು ತಿಂಗಳಲ್ಲಿ ನಾನು ಎಲ್ಲರನ್ನೂ ಬೈದಿದ್ದೆ, ಒಬ್ಬರಿಗೂ ಕಾರಣ ಹೇಳಿರಲಿಲ್ಲ.

ಮೇ ಕೊನೆಯಲ್ಲಿ, ಮಳೆಗಾಲ ಹಿಡಿಯುವ ಮೊದಲು, ಹೊಸಬರು ಇಬ್ಬರು ಬಂದರು. ಗಿಡಗಳಲ್ಲಿ ಹೂವಿನ ಜಾಗದಲ್ಲಿ ಕಾಳುಮೆಣಸಿನಷ್ಟು ದಪ್ಪದ ಹಸಿರು ಕಾಯಿ ಕಚ್ಚಿತ್ತು. ಅವರು ಏಣಿ ಹೊತ್ತು ಇಳಿದರು, ಎರಡು ರೆಕ್ಕೆ ಮುರಿದರು, ನಾನು ಆ ಕಡೆ ನೋಡಲೇ ಇಲ್ಲ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಗೋಡೆಯ ಮೇಲೆ ಪುಟ್ಟ ಹಸಿರು ದೀಪ ಹತ್ತಿತು. ನನ್ನ ಗಂಡ ಅದರ ಮುಂದೆ ನಿಂತು ಕೈ ಮುಗಿದರು, ತಮಾಷೆಗೆ.

ನಾಲ್ಕಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಸೊಸೆಗೆ ಮೆಸೇಜು ಹಾಕಿ, ಮುಖ ತೊಳೆದು, ಕಿಟಕಿಯ ಹತ್ತಿರ ಅವಳು ತೋರಿಸಿದ ಕಡೆಗೇ ತಿರುಗಿ ಕೂತೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದೆ. ಕೂರುತ್ತಾಳೋ ಇಲ್ಲವೋ, ಹಟ್ಟಿಯಿಂದ ಬರುತ್ತಾಳೋ ಇಲ್ಲವೋ.

ಬಂದಳು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. 'ಏನು' ಎಂದು ಗಲ್ಲ ಎತ್ತಿ ಕೇಳಿದಳು, ನಿನ್ನೆ ತಾನೇ ಮಾತಾಡಿದ ಹಾಗೆ. ಆಮೇಲೆ ಬೈಗುಳ ಶುರುವಾಯಿತು. ಕಿವಿಯ ಹಾಲೆ ಹಿಡಿದು, ನೆಲಕ್ಕೆ ಉಗಿದ ಹಾಗೆ ಮಾಡಿ, ಎರಡೂ ಅಂಗೈ ಸೇರಿಸಿ ಮನೆಯ ಸೂರು ಮಾಡಿ, ಆ ಅಂಗೈಯನ್ನು ಕಣ್ಣಿನ ಮೇಲೆ ಮುಚ್ಚಿಕೊಂಡಳು. ಈ ಕೊನೆಯ ಸನ್ನೆ ನನಗೆ ತಿಳಿಯಲಿಲ್ಲ. ನಮ್ಮ ಮಾತಿನಲ್ಲಿ ಅದು ಇರಲೇ ಇಲ್ಲ.

"ಅದು ನಿಮ್ಮ ಹೊಸ ಮನೆ ದೊಡ್ಡಮ್ಮ" ಎಂದಳು ಸೊಸೆ. "ಕಾಣದೇ ಇರೋ ಮನೆ. ನಾವು ಹಾಗೇ ಹೇಳ್ಕೊಳ್ಳೋದು."

ನಾವು. ಸಂಕೋಚದ ಹುಡುಗಿ ಎಂದುಕೊಂಡಿದ್ದೆನಲ್ಲ, ಅವಳ ಕೈ ನನ್ನ ತಂಗಿಯ ಕೈಯಷ್ಟೇ ಸಲೀಸಾಗಿ ಓಡುತ್ತಿತ್ತು. ನಾನು ಟ್ಯಾಂಕಿನ ಮೇಲಿಂದ ಹೇಳಿಕೊಟ್ಟದ್ದು ಹೂವಿನ ಸನ್ನೆ ಒಂದೇ. ಮಿಕ್ಕದ್ದನ್ನೆಲ್ಲ ಅತ್ತೆ ಸೊಸೆ ಹೊಸತಾಗಿ ಮಾಡಿಕೊಂಡಿದ್ದರು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಒಳ್ಳೆಯ ಖಾರದ ಹೊಟ್ಟೆಕಿಚ್ಚು.

ಅಷ್ಟರಲ್ಲಿ ತಂಗಿ ಸೊಸೆಯ ಭುಜ ತಟ್ಟಿ ಒಳಗೆ ಹೋಗು ಎಂದಳು. ಅವಳು ನಾಚಿಕೊಂಡು ಎದ್ದುಹೋದಳು. ನಾವಿಬ್ಬರೇ ಉಳಿದೆವು. ತಂಗಿ ಸೆರಗು ಸರಿಮಾಡಿಕೊಂಡು ಫೋನಿನ ಹತ್ತಿರ ಬಂದಳು. ಕೈಯೆತ್ತಿದಳು. ಮಳೆ, ನಿಲ್ಲುವುದು, ಆಮೇಲೆ ಕಿರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರುವುದು, ಬರುವುದು, ನೀನು, ಬರಬೇಕು. ಮಳೆ ನಿಂತ ಮೇಲೆ ಬಾ ಎನ್ನುತ್ತಿದ್ದಾಳೆ ಎಂದುಕೊಂಡೆ. ನಡುವಿನ ಕಿರುಬೆರಳು ಏನೆಂದು ತಿಳಿಯಲಿಲ್ಲ. ಅವಳ ಎದುರು ತಿಳಿಯಲಿಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ನಗುತ್ತಾ ಹೂಂ ಹೂಂ ಎಂದು ತಲೆಯಾಡಿಸಿಬಿಟ್ಟೆ.

ಅವಳ ಕೈ ನಿಂತಿತು.

ಅರ್ಥವಾಗದವರು ಹೇಗೆ ತಲೆಯಾಡಿಸುತ್ತಾರೆ ಎನ್ನುವುದು ನನ್ನ ತಂಗಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದಾಳೆ. ನೆಂಟರು, ಅಂಗಡಿಯವರು, ಡಾಕ್ಟರು, ಎಲ್ಲರೂ ಹಾಗೆ ತಲೆಯಾಡಿಸಿಯೇ ಅವಳನ್ನು ಮುಗಿಸಿ ಕಳಿಸಿದ್ದಾರೆ. ನಾನೊಬ್ಬಳು ಆಡಿಸಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ಎರಡೂ ಕೈಯನ್ನು ಮಡಿಲಿಗೆ ಇಳಿಸಿದಳು.

ನನಗೆ ಹೆದರಿಕೆಯಾಯಿತು. ಎರಡೂ ಅಂಗೈ ಮೇಲೆ ಮಾಡಿ, ನನಗೆ ಗೊತ್ತಾಗಲಿಲ್ಲ, ಹೇಳಿಕೊಡು ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಂಡರೆ ಅವಳ ಕೈ ಎಲ್ಲಿ ತಪ್ಪಿಹೋಗುತ್ತದೋ ಎಂದು ಒರೆಸಿಕೊಳ್ಳಲಿಲ್ಲ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಎತ್ತಿ, ಗುರುತಿಲ್ಲದವರಿಗೆ ಹೇಳುವಷ್ಟು ನಿಧಾನವಾಗಿ, ಒಂದೊಂದೇ ಬಿಡಿಸಿ ಮತ್ತೆ ಹೇಳಿದಳು. ಸೊಸೆ ಹೋದ ಬಾಗಿಲ ಕಡೆ ಬೆರಳು ಮಾಡಿದಳು. ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಕಿರುಬೆರಳಿನ ತುದಿ ಸವರಿದಳು. ಎರಡು ತೋಳಿನಲ್ಲಿ ಎತ್ತಿಕೊಂಡು ತೂಗಿದಳು. ಮಳೆ ನಿಂತ ಮೇಲೆ ಬರುವುದು ಮಗು, ಆಗ ಬರಬೇಕಾದವಳು ನಾನು.

ಇಷ್ಟು ವರ್ಷ ಎಲ್ಲರಿಗೂ ಅವಳ ಸುದ್ದಿ ಹೇಳಿದವಳು ನಾನು. ಒಂದು ಸುದ್ದಿಯನ್ನಾದರೂ ತಾನೇ ತನ್ನ ಕೈಯಾರೆ ಅಕ್ಕನಿಗೆ ಹೇಳಬೇಕು ಎಂದು ಮನೆಯವರೆಲ್ಲರ ಬಾಯಿ ಕಟ್ಟಿ ಎರಡು ತಿಂಗಳು ಕಾದಿದ್ದಳು. ನಾನು ಎದ್ದು ನಿಂತು, ಹೊರಗೆ ಜಗಲಿಯಲ್ಲಿದ್ದ ಗಂಡನನ್ನು ಕೂಗಿ ಕರೆದೆ. ಅವರು ಓಡಿ ಬಂದು ಏನಾಯಿತು ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ. ಅವರನ್ನು ಫೋನಿನ ಮುಂದೆ ಕೂರಿಸಿ, ಇವರಿಗೂ ನೀನೇ ಹೇಳು ಎಂದು ತಂಗಿಗೆ ಕೈ ಮಾಡಿದೆ.